ಹೊಟ್ಟೆಯಿಲ್ಲದ ವಾದ್ಯ

ನಮ್ಮ ಅಪಾರ್ಟ್‌ಮೆಂಟಿನ ಗೋಡೆಗಳು ಆರಿಂಚು ದಪ್ಪ ಎಂದು ಮಾರಿದವರು ಹೇಳಿದ್ದರು. ನನಗೇನೋ ಅವನ್ನು ಹಪ್ಪಳದಿಂದ ಕಟ್ಟಿದ್ದಾರೆ ಅನ್ನಿಸುತ್ತದೆ. ಪಕ್ಕದ ಮನೆಯ ಕುಕ್ಕರು ಎಷ್ಟು ಸಲ ಕೂಗಿತು ಎಂದು ಎಣಿಸಿ, ಅಲ್ಲಿ ಅವತ್ತು ತೊಗರಿಬೇಳೆಯೋ ಕಡಲೆಕಾಳೋ ಹೇಳಬಲ್ಲೆ. ಹಾಗಿರುವಾಗ ಕಚೇರಿ ಮುಗಿಸಿ, ಊಟ ಮುಗಿಸಿ, ರಾತ್ರಿ ಹತ್ತರ ಮೇಲೆ ನಾನು ಯುಕುಲೇಲಿ ಹಿಡಿದು ಕೂತರೆ ಆ ಮನೆಯವರಿಗೆ ನನ್ನ ವಿಷಯ ಏನೇನು ತಿಳಿಯುತ್ತಿರಬೇಡ! ಮೂರು ತಿಂಗಳಿಂದ ಒಂದೇ ಹಾಡಿನ ಒಂದೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಎಂಬುದಂತೂ ತಿಳಿದೇ ಇತ್ತು. ಒಮ್ಮೆ ಲಿಫ್ಟಿನಲ್ಲಿ ಸಿಕ್ಕ ಆ ಮನೆಯ ಯಜಮಾನರು, "ಏನ್ ಸಾರ್, ಪ್ರಾಕ್ಟೀಸು ಜೋರಾಗಿ ನಡೀತಿದೆ" ಎಂದರು. 'ಜೋರಾಗಿ' ಎಂಬಲ್ಲಿ ಅವರು ಊರಿದ ಒತ್ತು ನಾಲ್ಕನೇ ಮಹಡಿ ಮುಟ್ಟುವವರೆಗೂ ಲಿಫ್ಟಿನಲ್ಲಿ ನಮ್ಮ ಜೊತೆಗೇ ನಿಂತಿತ್ತು.

ಯುಕುಲೇಲಿ ನೋಡಲು ಕೂಸು, ಗಂಟಲು ಮಾತ್ರ ದೊಡ್ಡವರದು. 1879ರ ಆಗಸ್ಟಿನಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಪೋರ್ಚುಗೀಸರ ಮಡೈರಾ ದ್ವೀಪದಿಂದ ಕಬ್ಬಿನ ತೋಟದ ಕೂಲಿಗೆಂದು ಜನರನ್ನು ತುಂಬಿಕೊಂಡು ಹವಾಯಿಯ ಹೊನೊಲುಲುವಿಗೆ ಬಂತು. ಅದರಲ್ಲಿ ಮೂವರು ಮರಗೆಲಸದವರಿದ್ದರು: ನುನೆಸ್, ದಿಯಾಸ್, ಎಸ್ಪಿರಿತು ಸಾಂತು. ತಮ್ಮೂರಿನ ಮಷೆಟ್ ಎಂಬ ಪುಟ್ಟ ತಂತಿವಾದ್ಯದ ಮಾದರಿಯಲ್ಲಿ ಅವರು ಮಾಡಿಕೊಟ್ಟದ್ದನ್ನು ಹವಾಯಿಯ ಜನ ಎತ್ತಿ ಎದೆಗಪ್ಪಿಕೊಂಡರು. ಕಲಾಕೌವಾ ದೊರೆಯೇ ಅದರ ಅಭಿಮಾನಿಯಾದ. 'ಯುಕುಲೇಲಿ' ಅಂದರೆ ಅಲ್ಲಿನ ಮಾತಿನಲ್ಲಿ ನೆಗೆಯುವ ಚಿಗಟ. ಚಿಗಟ ಕಚ್ಚಿದರೆ ಕಚ್ಚಿಸಿಕೊಂಡವನಿಗಷ್ಟೇ ಗೊತ್ತು. ನನ್ನದು ಪಕ್ಕದ ಮನೆಯವರನ್ನೂ ಕಚ್ಚುತ್ತಿತ್ತು.

ಹಾಗಾಗಿ, ಸದ್ದಿಲ್ಲದ ಯುಕುಲೇಲಿ ಬೇಕು ಎಂಬ ಹಂಬಲ. ಹಾಗೆಂದರೆ ಟೊಳ್ಳು ಡಬ್ಬಿಯ ಬದಲು ಗಟ್ಟಿ ಹಲಗೆಯೇ ಮೈಯಾದ, ವಿದ್ಯುತ್ತಿನ, ಹೆಡ್‌ಫೋನಿನಲ್ಲಿ ಕೇಳುವಂಥದ್ದು. ಹನ್ನೆರಡು ಸಾವಿರ ರೂಪಾಯಿಯ ಒಳಗೆ. ಈ ಅಂಕಿ ಎಲ್ಲಿಂದ ಬಂತು ಎಂದರೆ, ಹೆಂಡತಿ ಹತ್ತು ಅಂದಳು, ನಾನು ಹದಿನೈದು ಅಂದೆ, ಅವಳು ಮತ್ತೆ ಮಾತಾಡಲಿಲ್ಲ.

ಫೋನಿನಲ್ಲಿ ಅಂಥದ್ದೊಂದರ ಚಿತ್ರ ತೋರಿಸಿದಾಗ ನಮ್ಮ ಸೋದರತ್ತೆ ಕನ್ನಡಕ ಮೇಲಕ್ಕೆ ಸರಿಸಿ ಬಹಳ ಹೊತ್ತು ನೋಡಿದರು. ಅತ್ತೆ ಮೈಸೂರಿನಲ್ಲಿ ನಲವತ್ತು ವರ್ಷ ವೀಣೆ ಹೇಳಿಕೊಟ್ಟವರು; ಈಗ ನಮ್ಮೊಂದಿಗೆ ಇದ್ದಾರೆ, ಅವರ ವೀಣೆಯೂ ಇದೆ, ದಿವಾನದ ಪಕ್ಕ ಗವಸು ಹೊದ್ದು ಮಲಗಿದೆ.

"ಇದಕ್ಕೆ ಹೊಟ್ಟೆ ಎಲ್ಲೋ?"

"ಹೊಟ್ಟೆ ಇಲ್ಲ ಅತ್ತೆ."

"ಹೊಟ್ಟೆ ಇಲ್ಲದೆ ನಾದ ಎಲ್ಲಿಂದ ಹುಟ್ಟತ್ತೆ? ಇದು ಚಪಾತಿ ಮಣೆ."

ಈ ಆಕ್ಷೇಪಣೆ ಅತ್ತೆಯವರದೊಬ್ಬರದೇ ಅಲ್ಲ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1940ರ ಸುಮಾರಿಗೆ ನಾಲ್ಕಿಂಚು ಚೌಕದ ಒಂದು ತೊಲೆಗೆ ತಂತಿ ಬಿಗಿದು, 'ಲಾಗ್', ಅಂದರೆ ಕೊರಡು, ಎಂದು ಹೆಸರಿಟ್ಟು ನುಡಿಸಿದಾಗ ಕೇಳಲು ಬಂದವರಿಗೆ ಅದು ರುಚಿಸಲಿಲ್ಲ. ಆತ ಒಂದು ಗಿಟಾರನ್ನು ಉದ್ದಕ್ಕೆ ಸೀಳಿ ಎರಡು ಹೋಳನ್ನೂ ಆ ತೊಲೆಯ ಅಕ್ಕಪಕ್ಕ ಅಂಟಿಸಿದ. ನಾದ ಬರುತ್ತಿದ್ದದ್ದು ನಡುವಿನ ತೊಲೆಯಿಂದಲೇ, ಹೊಟ್ಟೆ ಬರೀ ಕಣ್ಣಿಗೆ. ಜನಕ್ಕೆ ಸಮಾಧಾನವಾಯಿತು. ತಮಾಷೆಯೆಂದರೆ ಆ ಕಥೆ ಈಗ ತಿರುಗಾಮುರುಗಾ ಆಗಿದೆ. ಲೆಸ್ ಪಾಲನ ಹೆಸರಿನ ಗಟ್ಟಿ ಗಿಟಾರಿನ ರೂಪವನ್ನೇ ಹೊತ್ತ, ಎಪಿಫೋನ್ ಕಂಪನಿಯ ಯುಕುಲೇಲಿಯೊಂದಿದೆ; ಚಿತ್ರದಲ್ಲಿ ನೋಡಿದರೆ ಗಟ್ಟಿ ಹಲಗೆಯೆಂದೇ ಅನ್ನಬೇಕು, ಒಳಗೆ ನೋಡಿದರೆ ಟೊಳ್ಳು. ನಾನು ಅದಕ್ಕೆ ಇನ್ನೇನು ದುಡ್ಡು ಕಟ್ಟಿಬಿಡುವವನಿದ್ದೆ.

ಪೇಟೆಯ ವಾದ್ಯದಂಗಡಿಯಲ್ಲೂ ಇದೇ ಎಡವಟ್ಟು. "ಸಾಲಿಡ್ ಬಾಡಿ ಇದೆಯಾ?" ಎಂದರೆ ಹುಡುಗ ಉತ್ಸಾಹದಿಂದ "ಸಾಲಿಡ್ ಇದೆ ಸಾರ್, ಪ್ಯೂರ್ ಸಾಲಿಡ್" ಎಂದು ತಂದಿಟ್ಟದ್ದು ಸಾಲಿಡ್ ಟಾಪ್. ಅದು ಬೇರೆ ಸಂಗತಿ. ಪ್ಲೈವುಡ್ಡಿನ ಬದಲು ಒಂದೇ ಮರದ ತೆಳು ಹಲಗೆಯನ್ನು ಮೇಲ್ಮೈಗೆ ಹಾಕಿದ ಟೊಳ್ಳು ವಾದ್ಯ. ಇನ್ನೂ ಜೋರಾಗಿ, ಇನ್ನೂ ಚೆನ್ನಾಗಿ ಕೇಳುತ್ತದೆ. ಪಕ್ಕದ ಮನೆಗೂ. ಬೇಡಪ್ಪಾ ಎಂದು ಎದ್ದು ಬಂದೆ.

ನಿಜವಾದ ಹಲಗೆಗಳ ಲೋಕದಲ್ಲಿ ಎರಡು ಜಾತಿ ಎಂಬುದು ನಿಧಾನವಾಗಿ ತಿಳಿಯಿತು. ಒಂದಕ್ಕೆ ನೈಲಾನ್ ತಂತಿ, ಇನ್ನೊಂದಕ್ಕೆ ಉಕ್ಕಿನ ತಂತಿ. ಉಕ್ಕಿನದಕ್ಕೆ ಕೆಳಗೆ ತಾಮ್ರದ ಎಳೆ ಸುತ್ತಿದ ಆಯಸ್ಕಾಂತ. ತಂತಿ ಅದುರಿದ ಹಾಗೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ನೈಲಾನು ಎಷ್ಟು ಕುಣಿದರೂ ಆಯಸ್ಕಾಂತ ಅದರತ್ತ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಬೇರೆ ಉಪಾಯ ಬೇಕು: ಕುದುರೆಯ ಕೆಳಗೆ ಪಿಯೆಜೊ ಪಟ್ಟಿ. ಒತ್ತಡ ಬಿದ್ದರೆ ವಿದ್ಯುತ್ತು ಕೊಡುವ ಹರಳಿನ ಗುಣವನ್ನು ಪ್ಯಾರಿಸಿನಲ್ಲಿ ಕ್ಯೂರಿ ಸೋದರರು ತೋರಿಸಿದ್ದು 1880ರಲ್ಲಿ, ಆ ಹಡಗು ಹೊನೊಲುಲು ಮುಟ್ಟಿದ ಮರುವರ್ಷ. ಅತ್ತೆಗೆ ಇದನ್ನು ವಿವರಿಸಲು ನಾನು ಅಡುಗೆಮನೆಯಿಂದ ಗ್ಯಾಸ್ ಲೈಟರು ತಂದು ಟಕ್ ಎನ್ನಿಸಿದೆ. ಅದರೊಳಗೂ ಇರುವುದು ಅದೇ ವಿದ್ಯೆ. "ಹಾಗಾದ್ರೆ ಒಗ್ಗರಣೆ ಹಾಕೋದಕ್ಕೂ ಆಗತ್ತೆ ಅನ್ನು" ಎಂದರು.

ಪಿಯೆಜೊಗೆ ಒಂದು ಚಾಳಿಯಿದೆ, ಅದಕ್ಕೆ ಗುಟ್ಟು ನಿಲ್ಲುವುದಿಲ್ಲ. ಅಂಗಿಯ ಗುಂಡಿ ಹಲಗೆಗೆ ತಗಲಿದರೂ, ಉಗುರು ತಾಕಿದರೂ ಹೆಡ್‌ಫೋನಿನಲ್ಲಿ ಬಾಗಿಲು ಬಡಿದಂತೆ. ಜೋರಾಗಿ ಮೀಟಿದರೆ ದನಿಗೆ ತಗಡಿನ ಅಂಚು ಬರುತ್ತದೆ. ಒಳಗೆ ಒಂಬತ್ತು ವೋಲ್ಟಿನ ಬ್ಯಾಟರಿ ಬೇಕು. ಆಯಸ್ಕಾಂತದ್ದಕ್ಕೆ ಸಾಮಾನ್ಯವಾಗಿ ಬ್ಯಾಟರಿ ಬೇಡ, ಆದರೆ ಅದರ ದನಿ ಹೆಡ್‌ಫೋನಿಗೆ ನೇರ ಸಾಲುವುದಿಲ್ಲ, ಹೆಬ್ಬೆಟ್ಟಿನಷ್ಟು ದೊಡ್ಡದೊಂದು ಆಂಪ್ಲಿಫೈಯರನ್ನು ಬೇರೆಯಾಗಿ ಕೊಂಡು ಚುಚ್ಚಬೇಕು; ಒಂದೇ ಸುರುಳಿಯದಾದರೆ ಫ್ಯಾನಿನ ರೆಗ್ಯುಲೇಟರಿನ ಗುಂಯ್‌ಗುಡುವಿಕೆಯನ್ನೂ ರಾಗದ ಜೊತೆ ಉಚಿತವಾಗಿ ಕೇಳಿಸುತ್ತದೆ. ಇದ್ದ ಯುಕುಲೇಲಿಗೇ ಉಕ್ಕಿನ ತಂತಿ ಹಾಕಿದರಾಯಿತಲ್ಲ ಎಂದೂ ಒಂದು ರಾತ್ರಿ ಯೋಚಿಸಿದ್ದೆ. ಹಾಕಿದ್ದರೆ ಆ ಬಿಗಿಗೆ ಅದರ ಕುತ್ತಿಗೆ ಬಾಗಿ, ಕುದುರೆ ಕಿತ್ತು ಕೈಗೆ ಬರುತ್ತಿತ್ತು.

ಅತ್ತೆಯ ಓಟು ಉಕ್ಕಿಗೆ. ಕಾರಣ ಗಮಕ. ಉಕ್ಕಿನ ತಂತಿಯನ್ನು ಮೆಟ್ಟಿಲ ಮೇಲೆ ಎಳೆದರೆ ಸ್ವರ ಏರುತ್ತದೆ, ಮೀಟಿದ ನಾದ ಬೇಗ ಸಾಯುವುದಿಲ್ಲ. ನೈಲಾನು ಎಳೆದಷ್ಟೂ ಸಂಕೋಚದಿಂದ ಸುಮ್ಮನಿರುತ್ತದೆ. "ಶ್ರೀನಿವಾಸ್ ಮ್ಯಾಂಡೊಲಿನ್ ಕೇಳಿದೀಯೇನೋ? ಅದೂ ಕರೆಂಟಿಂದೇ" ಎಂದರು. ಚಪಾತಿ ಮಣೆ ಎಂದವರೇ! ಯು. ಶ್ರೀನಿವಾಸ್ ವಿದ್ಯುತ್ ಮ್ಯಾಂಡೊಲಿನ್ನಿಗೆ ಜೋಡಿ ತಂತಿ ತೆಗೆದು ಒಂಟಿ ತಂತಿ ಹಾಕಿಕೊಂಡು ಕರ್ನಾಟಕ ಸಂಗೀತವನ್ನು ನುಡಿಸಿದ್ದನ್ನು ಅತ್ತೆ ಕ್ಯಾಸೆಟ್ಟು ಸವೆಯುವವರೆಗೂ ಕೇಳಿದ್ದರಂತೆ. ಆಗ ಹೊಟ್ಟೆ ಎಲ್ಲಿತ್ತು ಎಂದು ನಾನು ಕೇಳಲಿಲ್ಲ. ಹಿರಿಯರು ನಮ್ಮ ದಾರಿಗೆ ಬರುತ್ತಿರುವಾಗ ಬಾಯಿ ಹಾಕಬಾರದು.

ಆದರೆ ನಾನು ಅವರ ದಾರಿಗೆ ಹೋಗಲಿಲ್ಲ. ಯುಕುಲೇಲಿಯ ನಾಲ್ಕು ತಂತಿಗಳಲ್ಲಿ ಎರಡನೆಯದನ್ನು ಷಡ್ಜ ಎಂದುಕೊಂಡರೆ ಶ್ರುತಿ ಪ, ಸ, ಗ, ದ ಎಂದು ನಿಲ್ಲುತ್ತದೆ. ಮುಖದ ಹತ್ತಿರದ, ದಪ್ಪವಾಗಿರಬೇಕಾದ ಮೊದಲ ತಂತಿಯೇ ಸಣ್ಣಗಿದ್ದು ಮೇಲಿನ ಪಂಚಮ ಹೇಳುತ್ತದೆ. ನಾಲ್ಕೂ ಒಂದೇ ಸ್ಥಾಯಿಯೊಳಗೆ ಮೈಗೆ ಮೈ ತಾಗಿಸಿ ಕೂತಿರುತ್ತವೆ. ಕೈ ಕೆಳಗೆ ಸರಿದರೆ ಸ್ವರ ಒಮ್ಮೆ ಇಳಿದು ಮತ್ತೆ ಏರುತ್ತದೆ, ಕುಂಟೋಬಿಲ್ಲೆಯ ಕುಣಿತದಂತೆ. ಉಕ್ಕಿನವಕ್ಕೆ ಹೆಚ್ಚಾಗಿ ಆ ಜಾಗದಲ್ಲಿ ಮಂದ್ರದ ದಪ್ಪ ತಂತಿ ಹಾಕಿ ಕಳಿಸುತ್ತಾರೆ. ಆಗ ಅದು ಎರಡು ತಂತಿ ಕಳೆದುಕೊಂಡ ಪುಟಾಣಿ ಗಿಟಾರು. ಗಿಟಾರು ಬೇಕಿದ್ದರೆ ಗಿಟಾರೇ ಕೊಳ್ಳುತ್ತಿರಲಿಲ್ಲವೆ? ಆ ಕುಂಟುವ ಪಂಚಮಕ್ಕಾಗಿ ಗಮಕವನ್ನು ಬಿಟ್ಟುಕೊಟ್ಟೆ.

ಹೆಸರುಳ್ಳವು, ಜರ್ಮನಿಯ ರಿಸಾ, ಕೆನಡಾದ ಗೊಡಿನ್, ನನ್ನ ಹನ್ನೆರಡು ಸಾವಿರವನ್ನು ಕಂಡು ಮುಗುಳ್ನಕ್ಕವು. ಕೊನೆಗೆ ಸಿಕ್ಕದ್ದು ಯಾರೋ ಒಂದೂವರೆ ವರ್ಷ ಇಟ್ಟುಕೊಂಡು ಬೇಸತ್ತು ಮಾರುತ್ತಿದ್ದ ಟೆನರ್ ಅಳತೆಯ, ಹೆಸರು ಉಜ್ಜಿಹೋದ ಒಂದು ಹಲಗೆ. ನೋಡಲು ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋದೆ, ಅದೇ ನಾನು ಮಾಡಿದ ಬುದ್ಧಿವಂತಿಕೆ. ಯಾವ ಮರ ಎಂದು ಅವರು ಕೇಳಲೇ ಇಲ್ಲ. ಈ ಬೆಲೆಯ ಹಲಗೆಯಲ್ಲಿ ಮರದ ಜಾತಿ ಕೇಳುವುದು ವ್ಯರ್ಥ ಎಂದು ನನಗೂ ಅನ್ನಿಸುತ್ತದೆ. ಬಿರಡೆಯನ್ನು ಅತ್ತಿತ್ತ ತಿರುಗಿಸಿ ಸಡಿಲವೇ ನೋಡಿದರು. ಮೆಟ್ಟಿಲ ಅಂಚಿನಗುಂಟ ಬೆರಳು ಜಾರಿಸಿ ಚುಚ್ಚುತ್ತದೆಯೇ ನೋಡಿದರು. ಹನ್ನೆರಡನೇ ಮೆಟ್ಟಿಲಲ್ಲಿ ಒಮ್ಮೆ ಬೆರಳು ಬರೀ ಸೋಕಿಸಿ, ಒಮ್ಮೆ ಒತ್ತಿ ಮೀಟಿಸಿದರು. ಎರಡೂ ಒಂದೇ ಸ್ವರವಾಗಿರಬೇಕು, ಇಲ್ಲವಾದರೆ ವಾದ್ಯ ಎಷ್ಟು ಶ್ರುತಿ ಮಾಡಿದರೂ ಮೇಲೆ ಹೋದಂತೆ ಸುಳ್ಳು ಹೇಳುತ್ತದೆ. ಆಮೇಲೆ ಹೆಡ್‌ಫೋನು ಹಾಕಿಕೊಂಡು ಒಂದೊಂದೇ ತಂತಿಯನ್ನು ಮೀಟಿ, "ಈ ಗಾಂಧಾರ ಸೊರಗಿದೆ" ಎಂದರು. ಪಿಯೆಜೊ ಪಟ್ಟಿಯ ಮೇಲೆ ಕುದುರೆ ಸಮವಾಗಿ ಕೂತಿರಲಿಲ್ಲ. ಅದೊಂದು ಮಾತಿಗೆ ಎಂಟುನೂರು ರೂಪಾಯಿ ಇಳಿಯಿತು. ಮನೆಗೆ ತಂದು ತಂತಿ ಸಡಿಲಿಸಿ, ಕುದುರೆಯ ತಳವನ್ನು ಮರಳುಕಾಗದದ ಮೇಲೆ ನಾಲ್ಕು ಸಲ ಉಜ್ಜಿ ಕೂರಿಸಿದೆ. ಗಾಂಧಾರ ಚೇತರಿಸಿಕೊಂಡಿತು.

ಈಗ ರಾತ್ರಿ ಹನ್ನೊಂದಕ್ಕೂ ನುಡಿಸುತ್ತೇನೆ. ಹೆಂಡತಿ ಮಲಗಿರುತ್ತಾಳೆ, ಹಪ್ಪಳದ ಗೋಡೆಯಾಚೆ ನಿಶ್ಶಬ್ದ. ಮೊನ್ನೆ ಬ್ಯಾಟರಿ ಮುಗಿದುಹೋಗಿತ್ತು. ಹೆಡ್‌ಫೋನು ತೆಗೆದಿಟ್ಟು, ಹಲಗೆಯ ಮೇಲಂಚಿಗೆ ದವಡೆ ಊರಿ ಮೀಟಿದೆ. ಮೂಳೆಯ ಮೂಲಕ ಒಳಗೇ ಏಳುವ ನಾದ, ತಲೆಯೇ ಅದರ ಹೊಟ್ಟೆಯಾದ ಹಾಗೆ. ಇಡೀ ಕಟ್ಟಡದಲ್ಲಿ ನನ್ನೊಬ್ಬನಿಗೇ ಕೇಳುವ ಕಛೇರಿ ಎಂದುಕೊಂಡು ಅದೇ ಹಳೆಯ ಸಾಲನ್ನು ಎರಡು ಸಲ, ಮೂರು ಸಲ ನುಡಿಸಿದೆ.

ಮುಚ್ಚಿದ ಬಾಗಿಲಾಚೆ ಹಾಲಿನ ಕತ್ತಲೆಯಲ್ಲಿ ದಿವಾನ ಕಿರುಗುಟ್ಟಿತು.

"ಪಂಚಮ ಇಳಿದಿದೆ ಕಣೋ," ಎಂದರು ಅತ್ತೆ. "ಬಿರಡೆ ಒಂದ್ ಸುತ್ತು ತಿರುಗಿಸಿ ಮಲಕ್ಕೋ."