ಸೂರಿನ ನೀರ್ಗಲ್ಲು

ಮಲೆನಾಡಿನವರಾದ ನಮಗೆ ಸೂರಿನ ನೀರಿನ ವಿಷಯದಲ್ಲಿ ಯಾರಿಂದಲೂ ಕಲಿಯಬೇಕಾದುದೇನೂ ಇಲ್ಲವೆಂಬ ಹೆಮ್ಮೆಯು ಬಹುಕಾಲ ಇದ್ದಿತು. ಮಳೆಗಾಲಕ್ಕೆ ಮುಂಚೆ ಏಣಿಯನ್ನಿಟ್ಟು, ದೋಣಿಯಲ್ಲಿ ಸೇರಿದ ತರಗೆಲೆಗಳನ್ನು ಬಾಚಿ ತೆಗೆಯುವ ಕೆಲಸವನ್ನು ನಾವು ಹುಡುಗತನದಿಂದಲೂ ಆಳುಗಳಿಗೆ ಬಿಟ್ಟವರಲ್ಲ. ಆ ಹೆಮ್ಮೆಯು ಕಳೆದ ಮಾಘಮಾಸದಲ್ಲಿ, ಅಮೆರಿಕದ ಬಾಸ್ಟನ್ ನಗರದ ಹೊರವಲಯದಲ್ಲಿರುವ ನಮ್ಮ ಮಗನ ಮನೆಯಲ್ಲಿ ಕರಗಿತು. ಆ ಸಂಗತಿಯನ್ನು ಹೇಳಿದರೆ, ಶೀತದೇಶಗಳಲ್ಲಿ ಮಕ್ಕಳಿರುವ ಗೃಹಸ್ಥರಿಗೆ ಕಿಂಚಿತ್ ಪ್ರಯೋಜನವಾದೀತು.

ಆ ಸೀಮೆಯ ಹಿಮವು ಸಾಮಾನ್ಯವಾದುದಲ್ಲ. 2014-15ರ ಒಂದೇ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ 110.6 ಅಂಗುಲ, ಎಂದರೆ ಒಂಬತ್ತು ಅಡಿಗೂ ಮಿಕ್ಕು, ಹಿಮವು ಬಿದ್ದಿತ್ತು. ನಾವು ಕಂಡುದು ಅದರ ಅಲ್ಪಾಂಶವೇ ಸರಿ. ಆದರೂ ಸೂರಿನಂಚಿಗೆ ಕಟ್ಟಿದ ತಗಡಿನ ದೋಣಿಯು ನೀರ್ಗಲ್ಲಿನಿಂದ ತುಂಬಿ, ಅದರಿಂದ ಮೊಳದುದ್ದದ ಹಿಮದ ಕೋಲುಗಳು ಜೋತುಬಿದ್ದಿದ್ದವು. ನೆಲಕ್ಕಿಳಿಯುವ ಕೊಳವೆಯೂ ಕಟ್ಟಿಕೊಂಡಿತ್ತು. ನೀರಿಗೆ ದ್ರವತ್ವವು ಸ್ವಾಭಾವಿಕವೆಂದೂ ಆಲಿಕಲ್ಲಿನಲ್ಲಿ ಅದು ಪ್ರತಿಬದ್ಧವಾಗಿರುವುದೆಂದೂ ನೈಯಾಯಿಕರು ಹೇಳುವುದನ್ನು ನಾವು ಎಷ್ಟೋ ವರ್ಷ ಪಾಠ ಹೇಳಿದ್ದೆವು. ಇಡೀ ಸೂರಿನುದ್ದಕ್ಕೂ ಆ ಪ್ರತಿಬಂಧವನ್ನು ಕಣ್ಣಾರೆ ಕಂಡುದು ಅಲ್ಲಿಯೇ.

ಒಂದು ದಿನ ಬೆಳಗ್ಗೆ ಮೊಮ್ಮಗಳ ಹಾಸಿಗೆಯ ಮೇಲಣ ಮುಚ್ಚಿಗೆಯಿಂದ ನೀರು ತೊಟ್ಟಿಕ್ಕತೊಡಗಿತು. ಮಗನು ಕಛೇರಿಗೆ ಹೋಗಿದ್ದನು. ದೋಣಿ ಕಟ್ಟಿದುದೇ ಕಾರಣವೆಂದು ನಿಶ್ಚಯಿಸಿ, ಯಾರನ್ನೂ ಕೇಳದೆ, ನಾವು ಏಣಿಯನ್ನೇರಿ ಒಂದು ಪಾತ್ರೆ ಕುದಿನೀರನ್ನು ಕೊಳವೆಯ ಬಾಯಿಗೆ ಹೊಯ್ದೆವು. ಸ್ವಲ್ಪ ಒಳಗಿಳಿಯಿತು, ಉಳಿದುದು ಏಣಿಯ ಬುಡಕ್ಕೆ ಚೆಲ್ಲಿತು. ಸುತ್ತಿಗೆಯನ್ನು ಹಿಡಿದು ಎರಡನೆಯ ಸಲ ಏರುವಷ್ಟರಲ್ಲಿ ಆ ನೀರೇ ಗಾಜಿನಂತೆ ಹೆಪ್ಪುಗಟ್ಟಿತ್ತು. ಏಣಿಯು ಜಾರಿತು. ಸೊಸೆಯು ಮೇಲಂಗಿಯೂ ಇಲ್ಲದೆ ಓಡಿಬಂದು ಅದನ್ನು ತಬ್ಬಿ ಹಿಡಿಯದಿದ್ದರೆ ಈ ಲೇಖನವನ್ನು ಬರೆಯಲು ನಾವಿರುತ್ತಿದ್ದೆವೋ ಇಲ್ಲವೋ. ಎಂದೂ ನಮ್ಮೆದುರು ದನಿಯೆತ್ತದ ಆಕೆಯು, "ಮಾವ, ಮೊದಲು ಕೆಳಗಿಳಿಯಿರಿ. ಮಾಡು ಮುರಿದರೆ ಇನ್ನೊಂದು ಹಾಕಿಸಬಹುದು" ಎಂದಳು. ಅವಳ ಕೈಗಳು ನಡುಗುತ್ತಿದ್ದುದು ಚಳಿಯಿಂದ ಮಾತ್ರವೇ ಅಲ್ಲವೆಂದು ನಮಗೆ ತಿಳಿಯಿತು.

ಸಂಜೆ ಮಗನು ನಮ್ಮನ್ನು ಅಟ್ಟಕ್ಕೆ ಕರೆದೊಯ್ದನು. ದೀಪದ ತಂತಿಗಳೂ ಕೊಳವೆಗಳೂ ಹಾಯ್ದುಬರುವ ಸಂದುಗಳಲ್ಲಿ ಕೈಯಿಟ್ಟರೆ ಬೆಚ್ಚನೆಯ ಗಾಳಿಯು ತಾಗುತ್ತಿತ್ತು. ಮನೆಯನ್ನು ಕಾಯಿಸುವ ಶಾಖವು ಹೀಗೆ ಮೇಲಕ್ಕೆ ಸೋರಿ, ಮಾಡನ್ನು ಬೆಚ್ಚಗೆ ಮಾಡಿ, ಹಿಮವನ್ನು ಅಡಿಯಿಂದ ಕರಗಿಸುತ್ತದೆ. ಆ ನೀರು ಗೋಡೆಯಾಚೆಗೆ ಚಾಚಿದ ಸೂರಿಗೆ ಬಂದೊಡನೆ, ಅಲ್ಲಿ ಕೆಳಗೆ ಶಾಖವಿಲ್ಲದ ಕಾರಣ, ಪುನಃ ಹೆಪ್ಪುಗಟ್ಟಿ ಒಡ್ಡಾಗುತ್ತದೆ. ಒಡ್ಡಿನ ಹಿಂದೆ ನಿಂತ ನೀರು ಮಾಡಿನ ಹೊದಿಕೆಯ ಅಡಿಗೆ ನುಗ್ಗಿ ಮನೆಯೊಳಗೆ ಇಳಿಯುತ್ತದೆ. ನಮ್ಮ ಹೆಂಚಿನ ಮಾಡಿನಂತೆ ಅದೂ ಹರಿಯುವ ನೀರನ್ನು ತಡೆಯಬಲ್ಲುದೇ ಹೊರತು ನಿಂತ ನೀರನ್ನಲ್ಲ. ನಾವು ಸೂರಿನಲ್ಲಿ ಹುಡುಕಿದ ದೋಷವು ಅಟ್ಟದಲ್ಲಿತ್ತು.

ಮರುದಿನ ನೋಡಿದರೆ ಕೊಳವೆಯ ಬೆಸುಗೆಯು ಬಿರಿದಿತ್ತು. ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ನಾವು ಹೊಯ್ದ ಕುದಿನೀರು ಒಳಗೆ ಹೆಪ್ಪಾಗಿ ಹೀಗೆ ಮಾಡಿತ್ತು.

ಅಲ್ಲಿಯವರು ಅನುಸರಿಸುವ ಕ್ರಮವೇ ಬೇರೆ. ಹಿಮವು ಬಿದ್ದೊಡನೆ ನೆಲದ ಮೇಲೆಯೇ ನಿಂತು, ಉದ್ದ ಕೋಲಿನ ಗೋರೆಯಿಂದ, ವಿದ್ಯುತ್ತಂತಿಗಳಿಗೆ ತಾಗದಂತೆ, ಸೂರಿನಿಂದ ಮೂರು ನಾಲ್ಕು ಅಡಿ ಮೇಲಿನವರೆಗೆ ಹಿಮವನ್ನು ಎಳೆದು ಕೆಡಹುವರು. ಒಡ್ಡು ಕಟ್ಟಿದ್ದರೆ ಹಳೆಯ ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡನ್ನು ತುಂಬಿ ಅದರ ಮೇಲೆ ಅಡ್ಡಲಾಗಿ ಇಡುವರು. ಅದು ಕರಗಿಸಿದ ಕಾಲುವೆಯಲ್ಲಿ ನೀರು ಹರಿದುಹೋಗುತ್ತದೆ. ಕಲ್ಲುಪ್ಪು ಸಲ್ಲದು; ಅದು ಲೋಹವನ್ನೂ ಗಿಡಗಳನ್ನೂ ಕೆಡಿಸುತ್ತದೆ. ಇನ್ನೂ ಮಿಗಿಲಾದರೆ ಹಬೆಯಿಂದ ಕರಗಿಸುವ ಕಸುಬುದಾರರನ್ನು ಕರೆಸುವರು. ಕೊಡಲಿ, ಸುತ್ತಿಗೆಗಳನ್ನು ಮುಟ್ಟಲಾಗದು. ಹಿಮ ಬೀಳುವ ಮುನ್ನವೇ ದೋಣಿಯ ಎಲೆಗಳನ್ನು ತೆಗೆಯುವುದು ಒಳ್ಳೆಯದು. ಆದರೆ ಮೂಲ ಚಿಕಿತ್ಸೆಯು ಅಟ್ಟದ ಸಂದುಗಳನ್ನು ಮುಚ್ಚಿ, ಅದರ ನೆಲಕ್ಕೆ ಶಾಖವನ್ನು ತಡೆಯುವ ದಪ್ಪ ಹಾಸನ್ನು ಹಾಸಿ, ಮಾಡಿನ ಅಡಿಯಲ್ಲಿ ಹೊರಗಾಳಿಯು ಆಡುವಂತೆ ಮಾಡುವುದೇ ಆಗಿದೆ. ಮಗನು ಆ ವಸಂತದಲ್ಲಿಯೇ ಅದನ್ನು ಮಾಡಿಸಿದನು.

ಸೊಸೆಯು ಆ ದಿನದ ಮಾತನ್ನು ಮತ್ತೆ ಎತ್ತಲಿಲ್ಲ. ನಾವೂ ಕ್ಷಮೆ ಕೇಳಲು ಮಾತನ್ನು ಹುಡುಕಿ ಸೋತೆವು. ಊರಿಗೆ ಮರಳಿದ ಮೇಲೆ, ಮಳೆಗಾಲಕ್ಕೆ ಮುಂಚೆ, ವಾಡಿಕೆಯಂತೆ ದೋಣಿಯನ್ನು ನಾವೇ ಬಾಚಿದೆವು. ಆದರೆ ಈ ಸಲ ಏಣಿಯನ್ನು ಹಿಡಿಯಲು ಪಕ್ಕದ ಮನೆಯ ಹುಡುಗನನ್ನು ಕರೆದುಕೊಂಡೆವು. ಆ ಸುದ್ದಿಯನ್ನು ಮೊದಲು ಸೊಸೆಗೇ ತಿಳಿಸಿದೆವು.