ಕರೆಯದೆ ಬರುವ ಮಾರ್ಗದರ್ಶಿ

ಪರದೇಶದಲ್ಲಿ ಕಾಲಿಟ್ಟವನಿಗೆ ಆ ನಾಡಿನ ಇತಿಹಾಸವೂ ಶಿಲ್ಪವೂ ಕಣ್ಣಿಗೆ ಬೀಳುವ ಮೊದಲೇ, ಅವೆರಡನ್ನೂ ತೋರಿಸಿಕೊಡುವೆನೆಂದು ಒಬ್ಬ ಮನುಷ್ಯ ಎದುರು ಬಂದು ನಿಲ್ಲುತ್ತಾನೆ. ಅವನನ್ನು ಯಾರೂ ಕರೆದಿರುವುದಿಲ್ಲ. ಆದರೂ ಮದುವೆಯ ಮನೆಗೆ ಬಂದ ಬೀಗರಿಗೂ ಇಲ್ಲದ ಅಧಿಕಾರ ಅವನ ದನಿಯಲ್ಲಿರುತ್ತದೆ. ಪ್ರವಾಸಿಯ ಊರು ಯಾವುದು, ಎಷ್ಟು ದಿನದ ಬಿಡಾರ, ಇದೇ ಮೊದಲ ಸಲವೇ ಎಂಬುದನ್ನೆಲ್ಲ ಕ್ಷಣಾರ್ಧದಲ್ಲಿ ವಿಚಾರಿಸಿಕೊಂಡು, ಬನ್ನಿ ಎಂದು ಮುಂದೆ ನಡೆದೇಬಿಡುತ್ತಾನೆ. ಹಿಂಬಾಲಿಸುವುದೊಂದೇ ಪ್ರವಾಸಿಗೆ ಉಳಿದ ಕೆಲಸ.

ಕಾಶಿ, ಗಯೆಗಳಿಗೆ ಹೋಗಿಬಂದ ಕನ್ನಡಿಗರಿಗೆ ಇವನ ದಾಯಾದಿಗಳ ಪರಿಚಯ ಚೆನ್ನಾಗಿಯೇ ಉಂಟು. ಅಲ್ಲಿನ ಪಂಡಾಗಳ ಕೈಗೆ ಸಿಕ್ಕಿದ ಯಾತ್ರಿಕನ ಅವಸ್ಥೆಯನ್ನು ವರ್ಣಿಸಬೇಕಾಗಿಲ್ಲ. ಆದರೆ ಕಾಶಿಯಲ್ಲಿ ಗಂಗೆ ಯಾವ ಕಡೆಗಿದೆ, ತಾನು ಬಂದದ್ದು ಯಾವ ಕಾರ್ಯಕ್ಕೆ ಎಂಬುದಾದರೂ ಯಾತ್ರಿಕನಿಗೆ ತಿಳಿದಿರುತ್ತದೆ. ಪರದೇಶದಲ್ಲಿ ಅದೂ ಇಲ್ಲ. ಭಾಷೆ ಬಾರದು, ಹಾದಿ ಅರಿಯದು, ಕೈಯಲ್ಲಿರುವ ನಾಣ್ಯದ ಬೆಲೆಯೂ ಮನಸ್ಸಿಗೆ ಇಳಿದಿರುವುದಿಲ್ಲ. ಕರೆಯದೆ ಬರುವ ಮಾರ್ಗದರ್ಶಿಗೆ ಈ ಅಜ್ಞಾನವೇ ಬಂಡವಾಳ. ಅವನು ಮಾರುವ ಸರಕು ದಾರಿ ಎಂದು ತೋರುತ್ತದೆ. ನಿಜವಾಗಿ ಅವನು ಮಾರುವುದು ಅಭಯವನ್ನು. ಅದಕ್ಕೆ ಗಿರಾಕಿಯನ್ನು ಹುಡುಕಬೇಕಾಗಿಲ್ಲ. ದಿಕ್ಕು ತೋಚದೆ ನಿಂತವನ ಮುಖವನ್ನು ನೋಡಿದರೆ ಸಾಕು.

ಇದು ಇಂದು ನೆನ್ನೆಯ ವ್ಯಾಪಾರವೂ ಅಲ್ಲ. ಅಮೆರಿಕದ ಹಾಸ್ಯಲೇಖಕ ಮಾರ್ಕ್ ಟ್ವೇನ್ 1867ರಲ್ಲಿ ಪ್ರವಾಸಿಗಳ ತಂಡವೊಂದರ ಜೊತೆ ಹಡಗೇರಿ ಯೂರೋಪನ್ನೂ ಪ್ಯಾಲೆಸ್ತೀನನ್ನೂ ಸುತ್ತಿ ಬಂದು, ಆ ಅನುಭವವನ್ನು 1869ರಲ್ಲಿ 'ದಿ ಇನ್ನೊಸೆಂಟ್ಸ್ ಅಬ್ರಾಡ್' ಎಂಬ ಪುಸ್ತಕವಾಗಿ ಪ್ರಕಟಿಸಿದನು. ಪ್ಯಾರಿಸ್ಸಿನಲ್ಲಿ ಅವನಿಗೆ ದೊರೆತ ಮಾರ್ಗದರ್ಶಿಗೆ ಲೂವ್ರ್ ವಸ್ತುಸಂಗ್ರಹಾಲಯವನ್ನು ತೋರಿಸೆಂದರೆ, ಆ ಮಹಾಶಯನ ಗಾಡಿ ರೇಷ್ಮೆಯ ಅಂಗಡಿಗಳ ಮುಂದೆಯೇ ಮತ್ತೆ ಮತ್ತೆ ನಿಲ್ಲುತ್ತಿತ್ತು. ಅವನ ಹೆಸರು ಕಿವಿಗೆ ಒಗ್ಗದೆ ಗೆಳೆಯರೆಲ್ಲ ಸೇರಿ ಅವನಿಗೆ ಫರ್ಗ್ಯೂಸನ್ ಎಂದು ನಾಮಕರಣ ಮಾಡಿದರು. ಆಮೇಲೆ ಯಾವ ಊರಿಗೆ ಹೋದರೂ ಸಿಕ್ಕ ಮಾರ್ಗದರ್ಶಿಗಳಿಗೆಲ್ಲ ಅದೇ ಹೆಸರು ಅಂಟಿಕೊಂಡಿತು. ಜಿನೋವಾದಲ್ಲಿ ಒಬ್ಬನು ಕೊಲಂಬಸನ ಕೈಬರಹವನ್ನು ಭಕ್ತಿಯಿಂದ ತೋರಿಸಿದಾಗ, ಇವರು ಮುಖದಲ್ಲಿ ಸ್ವಲ್ಪವೂ ಬೆರಗು ತೋರಿಸದೆ ಅಕ್ಷರ ದುಂಡಗಿಲ್ಲವೆಂದು ತಪ್ಪು ಹಿಡಿದರಂತೆ. ಪ್ರವಾಸಿಯ ಬೆರಗೇ ಮಾರ್ಗದರ್ಶಿಯ ಆಹಾರವೆಂಬುದನ್ನು ಟ್ವೇನ್ ಕಂಡುಕೊಂಡಿದ್ದನು. ಆದರೆ ಹೆಸರನ್ನೇ ಕಸಿದುಕೊಂಡು ಎಲ್ಲರನ್ನೂ ಒಂದೇ ಹೆಸರಿನಿಂದ ಕರೆಯುವ ಆ ಹಾಸ್ಯದೊಳಗೆ ಒಂದು ಸಣ್ಣ ಕ್ರೌರ್ಯವೂ ಅಡಗಿದೆ. ಆ ವಿಚಾರ ಮುಂದೆ ಬರುತ್ತದೆ.

ಈ ವಿದ್ಯೆ ಪೂರ್ಣಕಲೆಯಿಂದ ಬೆಳಗುವ ಊರುಗಳಲ್ಲಿ ಮೊರಾಕ್ಕೊ ದೇಶದ ಫೆಜ್ ಒಂದು. ಅದರ ಹಳೆಯ ಪೇಟೆಗೆ ಫೆಜ್ ಅಲ್ ಬಾಲಿ ಎಂದು ಹೆಸರು. ಎಂಟನೆಯ ಶತಮಾನದ ಕೊನೆಯಲ್ಲಿ ಹುಟ್ಟಿ, ಒಂಬತ್ತನೆಯ ಶತಮಾನದಲ್ಲಿ ಬೆಳೆದ ನಗರವದು. ಫಾತಿಮಾ ಅಲ್ ಫಿಹ್ರಿ ಎಂಬ ಶ್ರೀಮಂತ ಮಹಿಳೆ 859ರಲ್ಲಿ ಕಟ್ಟಿಸಿದಳೆಂದು ಪ್ರತೀತಿಯಿರುವ ಅಲ್ ಖರವಿಯ್ಯೀನ್ ಮಸೀದಿಯೂ ವಿದ್ಯಾಪೀಠವೂ ಅದರ ಹೃದಯಭಾಗದಲ್ಲಿವೆ. 1981ರಲ್ಲಿ ಯುನೆಸ್ಕೊ ಈ ಪೇಟೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಎರಡು ಕಡೆಯೂ ಎತ್ತರದ ಗೋಡೆ; ನಡುವೆ ಕೆಲವೆಡೆ ಒಬ್ಬರು ಹೋಗಲು ಇನ್ನೊಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ಕಿರಿದಾದ ಓಣಿ. ಇಂಥ ಓಣಿಗಳು ಸಾವಿರಾರು. ಒಳಗೆ ಮೋಟಾರು ಗಾಡಿಗೆ ದಾರಿಯಿಲ್ಲ. ತೊಗಲು, ಧಾನ್ಯ, ಅಡಿಗೆಯ ಅನಿಲದ ಸಿಲಿಂಡರು ಎಲ್ಲವೂ ಕತ್ತೆ ಹೇಸರಗತ್ತೆಗಳ ಬೆನ್ನಿನ ಮೇಲೆಯೇ ಸಾಗುತ್ತವೆ. ಕೈಫೋನಿನ ನಕ್ಷೆ ಇಲ್ಲಿ ಎಷ್ಟೋ ವೇಳೆ ದಿಗ್ಭ್ರಮೆಗೊಂಡು, ಪ್ರವಾಸಿಯನ್ನು ಯಾರದೋ ಮನೆಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು, ಸ್ಪೇನಿನಲ್ಲಿ ಉದ್ಯೋಗದಲ್ಲಿರುವ ಮಗಳ ಮನೆಗೆ ಹೋಗಿದ್ದವರು, ಅಲ್ಲಿಂದ ಸಮುದ್ರ ದಾಟಿ ಪತ್ನೀಸಮೇತರಾಗಿ ಈ ಊರಿಗೆ ಬಂದರು. ಇತಿಹಾಸ ಪಾಠ ಮಾಡಿದ ಮೇಷ್ಟ್ರು. ದಾರಿ ಕೇಳುವುದು ಅವರ ಜಾಯಮಾನಕ್ಕೆ ಒಗ್ಗದು. ಪೇಟೆಯ ಹೆಬ್ಬಾಗಿಲಾದ ಬಾಬ್ ಬೂ ಜಲೂದಿನ ನೀಲಿ ಹೆಂಚುಗಳನ್ನು ನೋಡುತ್ತ, ಇದು 1913ರಲ್ಲಿ ಫ್ರೆಂಚರ ಆಡಳಿತದ ಕಾಲದಲ್ಲಿ ಕಟ್ಟಿದ್ದೆಂದು ಪತ್ನಿಗೆ ವಿವರಿಸುತ್ತಿರುವಾಗಲೇ ಪಕ್ಕದಲ್ಲಿ ಒಂದು ದನಿ ಕೇಳಿಸಿತು.

"ಇಂಡಿಯಾ? ಶಾರುಖ್ ಖಾನ್! ಅಮಿತಾಭ್ ಬಚ್ಚನ್!"

ಹಿಂದಿ ಚಲನಚಿತ್ರಗಳಿಗೆ ಮೊರಾಕ್ಕೊದಲ್ಲಿ ಬಹುಕಾಲದಿಂದ ಅಭಿಮಾನಿಗಳಿದ್ದಾರೆ. ಪರದೇಶದಲ್ಲಿ ನಮ್ಮವರ ಹೆಸರು ಕೇಳಿದಾಗ ಯಾರ ಮನಸ್ಸು ಅರಳದು? ಮೇಷ್ಟ್ರು ನಕ್ಕರು. ನಕ್ಕದ್ದೇ ತಡ, ಇಪ್ಪತ್ತರ ಹರೆಯದ ಆ ಯುವಕ ಜೊತೆ ಸೇರಿದ. ತಾನು ವಿದ್ಯಾರ್ಥಿ, ಹಣ ಬೇಡ, ಇಂಗ್ಲಿಷು ಮಾತನಾಡಿ ರೂಢಿಯಾದರೆ ಸಾಕು ಎಂದ. ಎದುರಿನ ಓಣಿ ಮುಚ್ಚಿದೆ, ಅತ್ತ ಹೋದರೆ ಮಸೀದಿ ಮಾತ್ರ ಎಂದ. ಚರ್ಮ ಹದಮಾಡುವ ಹೊಂಡಗಳನ್ನು ನೋಡುವುದಾದರೆ ಈ ದಿನವೇ ನೋಡಬೇಕು, ನಾಳೆ ಇರುವುದಿಲ್ಲ ಎಂದ. ಸಾವಿರ ವರ್ಷದ ಕಸುಬು ನಾಳೆ ಬೆಳಗಾಗುವುದರೊಳಗೆ ಹೇಗೆ ಮಾಯವಾದೀತೆಂದು ಕೇಳುವ ವ್ಯವಧಾನವನ್ನು ಅವನು ಕೊಡಲಿಲ್ಲ. ಆಗಲೇ ಹತ್ತು ಹೆಜ್ಜೆ ಮುಂದಿದ್ದ.

ಈ ಹತ್ತು ಹೆಜ್ಜೆಗಳ ಅಂತರಕ್ಕೂ ಕಾರಣವಿದೆ. ಮೊರಾಕ್ಕೊದಲ್ಲಿ ಮಾರ್ಗದರ್ಶಿಯ ವೃತ್ತಿಗೆ ಸರ್ಕಾರದ ಪರವಾನಗಿ ಬೇಕು. ಪರವಾನಗಿ ಉಳ್ಳವನು ಗುರುತಿನ ಬಿಲ್ಲೆಯನ್ನು ಧರಿಸುತ್ತಾನೆ. ಅದಿಲ್ಲದವನು ಪ್ರವಾಸಿಯ ಜೊತೆ ಹೆಜ್ಜೆ ಹಾಕುವುದು ಪ್ರವಾಸಿ ಪೊಲೀಸರ ಕಣ್ಣಿಗೆ ಬಿದ್ದರೆ ಅಪಾಯ. ಆದ್ದರಿಂದ ಅವನು ಮುಂದೆಯೋ ಹಿಂದೆಯೋ ನಡೆಯುತ್ತಾನೆ. ಸಮವಸ್ತ್ರ ಕಂಡೊಡನೆ ಗೋಡೆಯ ಬಣ್ಣವನ್ನು ಪರೀಕ್ಷಿಸುತ್ತಾನೆ. ಅವನ ಸಂಪಾದನೆಯ ಮೂಲವೂ ಪ್ರವಾಸಿ ಕೊಡುವ ಇನಾಮು ಒಂದೇ ಅಲ್ಲ. ಕಂಬಳಿ, ಚರ್ಮ, ಹಿತ್ತಾಳೆಯ ಅಂಗಡಿಗೆ ಗಿರಾಕಿಯನ್ನು ಕರೆತಂದರೆ ಮಾರಾಟದಲ್ಲಿ ಅವನಿಗೂ ಪಾಲುಂಟು. ಆ ಪಾಲು ಗಿರಾಕಿ ತೆರುವ ಬೆಲೆಯಲ್ಲಿ ಮೊದಲೇ ಸೇರಿರುತ್ತದೆ. ದಾರಿ ತೋರಿಸಿದ್ದು ಧರ್ಮಕ್ಕೆ ಎಂದವನು ಕಂಬಳಿಯಲ್ಲಿ ಅದನ್ನು ವಸೂಲು ಮಾಡುತ್ತಾನೆ.

ಮೇಷ್ಟ್ರು ಮೊದಲು ಪ್ರಯೋಗಿಸಿದ್ದು ತರ್ಕ. ತಮಗೆ ಮಾರ್ಗದರ್ಶಿ ಏಕೆ ಬೇಡವೆಂಬುದಕ್ಕೆ ಮೂರು ಕಾರಣಗಳನ್ನು ಕೊಟ್ಟರು. ಯುವಕ ಮೂರಕ್ಕೂ ಉತ್ತರ ಕೊಟ್ಟ. ಕಾರಣವೆಂಬುದು ದಾರದ ತುದಿಯಿದ್ದಂತೆ; ಹೊರಗೆ ಬಿಟ್ಟರೆ ಹಿಡಿದೆಳೆಯುವವರು ಇದ್ದೇ ಇರುತ್ತಾರೆ. ಅನಂತರ ಸುಳ್ಳು: ನೆನ್ನೆಯೇ ಎಲ್ಲವನ್ನೂ ನೋಡಿಯಾಯಿತು ಎಂದರು. ಹಾಗಾದರೆ ಕಾಣದೆ ಉಳಿದದ್ದನ್ನು ತೋರಿಸುತ್ತೇನೆ ಎಂದ. ಕೊನೆಗೆ ಕೋಪ. ದನಿಯೇರಿದೊಡನೆ ಇನ್ನಿಬ್ಬರು ಯುವಕರು ಸಮಾಧಾನ ಹೇಳಲು ಬಂದರು. ಅವರಿಗೂ ಊರಿನ ದಾರಿಗಳೆಲ್ಲ ತಿಳಿದಿದ್ದುವು.

"ಸುಮ್ಮನಿರೀಂದ್ರೆ, ನಾನು ಹೇಳ್ತೀನಿ," ಎಂದರು ಪತ್ನಿ. ದೇವರಾಜ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಹೂವು ತರಕಾರಿ ಕೊಂಡು ಪಳಗಿದವರು ಅವರು. ಯುವಕನ ಮುಖವನ್ನು ಒಮ್ಮೆ ನೇರವಾಗಿ ನೋಡಿ, ಮಗಳು ಹೇಳಿಕೊಟ್ಟಿದ್ದ ಎರಡೇ ಪದಗಳನ್ನು ಮೆಲ್ಲಗೆ ಆಡಿದರು: "ಲಾ, ಶುಕ್ರಾನ್." ಬೇಡ, ವಂದನೆ ಎಂದರ್ಥ. ನಮ್ಮೂರಿನ ಉರ್ದುವಿನಲ್ಲಿ ಶುಕ್ರಿಯಾ ಎಂದು ಕೇಳಿದವರಿಗೆ ಆ ಪದ ಅಪರಿಚಿತವಲ್ಲ. ಹೇಳಿ ಅವರು ನಿಲ್ಲಲಿಲ್ಲ, ವೇಗವನ್ನೂ ಹೆಚ್ಚಿಸಲಿಲ್ಲ. ಎರಡನೆಯ ಸಲ ಕೇಳಿದಾಗಲೂ ಅದೇ ಎರಡು ಪದ, ಅದೇ ದನಿ. ಮೂರನೆಯ ಸಲ ಅವನೇ ನಕ್ಕು ಹಿಂದೆ ಬಿದ್ದ.

ಆ ಮಧ್ಯಾಹ್ನ ಅವರಿಗೆ ಊರಿನ ಇನ್ನೊಂದು ಗುಟ್ಟೂ ತಿಳಿಯಿತು. ಹೆಬ್ಬಾಗಿಲಿನಿಂದ ತಲಾ ಕಬೀರಾ, ತಲಾ ಸಗೀರಾ ಎಂಬ ಎರಡು ಬೀದಿಗಳು ಪೇಟೆಯ ನಡುವಿಗೆ ಇಳಿಯುತ್ತವೆ. ಇಳಿಜಾರು ಹಿಡಿದು ನಡೆದರೆ ಮಸೀದಿಯ ಪ್ರದೇಶ. ಅದೇ ಬೀದಿಯಲ್ಲಿ ಏರು ಹಿಡಿದು ಹಿಂದಿರುಗಿದರೆ ಹೆಬ್ಬಾಗಿಲು. ನೆಲವೇ ಹೇಳುವ ದಾರಿಗೆ ಯಾರಿಗೂ ಪಾಲು ಕೊಡಬೇಕಾಗಿಲ್ಲ. ಇನ್ನೂ ಸಂದೇಹ ಬಂದರೆ, ತನ್ನ ಅಂಗಡಿಯಲ್ಲಿ ಕುಳಿತು ಕೆಲಸ ಮಾಡುತ್ತಿರುವವನನ್ನು ಕೇಳಬೇಕು. ತಾನಾಗಿ ಎದ್ದು ಬಂದವನಿಗೆ ತನ್ನದೊಂದು ಗುರಿಯಿರುತ್ತದೆ. ಕುಳಿತಲ್ಲೇ ಕೈ ತೋರಿಸುವವನಿಗೆ ತನ್ನ ಕೆಲಸ ಬಿಟ್ಟು ಏಳುವ ಮನಸ್ಸಿರುವುದಿಲ್ಲ.

ಮರುದಿನದ ಹೊತ್ತಿಗೆ ಮೇಷ್ಟ್ರು ಈ ವಿದ್ಯೆಯಲ್ಲಿ ಗುರುವನ್ನೇ ಮೀರಿಸಿದ್ದರು. ಪತ್ನಿ ಆಡುತ್ತಿದ್ದ ಎರಡು ಪದಗಳೂ ಅವರಿಗೆ ದುಬಾರಿಯಾಗಿ ಕಂಡವು. ಯಾರು ಕೂಗಿದರೂ ಕಿವುಡರಂತೆ, ಯಾರು ಎದುರಾದರೂ ಕುರುಡರಂತೆ ನಡೆದರು. ಓಣಿಯೊಂದರ ತಿರುವಿನಲ್ಲಿ ಹಿಂದಿನಿಂದ "ಬಾಲಕ್! ಬಾಲಕ್!" ಎಂಬ ಕೂಗು ಕೇಳಿಸಿತು. ಅರವತ್ತೈದು ದಾಟಿದ ತಮ್ಮನ್ನು ಬಾಲಕನೆಂದು ಕರೆಯುವ ಈ ಹೊಸ ಉಪಾಯ ಯಾವುದೆಂದು ಒಳಗೇ ರೇಗಿ, ಅವರು ತಿರುಗಿ ನೋಡಲಿಲ್ಲ. ಕೂಗು ಇನ್ನೂ ಹತ್ತಿರವಾಯಿತು. ಮರುಕ್ಷಣ ಯಾರೋ ಅವರ ತೋಳನ್ನು ಹಿಡಿದು ಗೋಡೆಯ ಕಡೆಗೆ ಎಳೆದರು. ಎರಡು ಪಕ್ಕಕ್ಕೂ ಹಸಿ ತೊಗಲಿನ ಹೊರೆ ಹೊತ್ತ ಹೇಸರಗತ್ತೆಯೊಂದು, ಅವರು ಒಂದು ಉಸಿರಿನ ಹಿಂದೆ ನಿಂತಿದ್ದ ಜಾಗವನ್ನು ತುಂಬಿಕೊಂಡು, ಇಳಿಜಾರಿನಲ್ಲಿ ದಡದಡನೆ ಹಾದುಹೋಯಿತು. ಬಾಲಕ್ ಎಂದರೆ ಆ ಊರಿನ ಮಾತಿನಲ್ಲಿ 'ಜೋಕೆ, ದಾರಿ ಬಿಡಿ' ಎಂದರ್ಥ.

ತೋಳು ಹಿಡಿದಿದ್ದವನು ನೆನ್ನೆಯ ಯುವಕ.

ಮೇಷ್ಟ್ರ ಕೈ ಜೇಬಿಗೆ ಹೋಯಿತು. ಯುವಕ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು ತಲೆಯಲ್ಲಾಡಿಸಿದ. ಬೇಡವೆಂದು ಹೇಳುವ ಸರದಿ ಈ ಸಲ ಅವನದು. ಆಮೇಲೆ ನಗುತ್ತ, ನಾಳೆಯಾದರೂ ಚರ್ಮದ ಹೊಂಡ ನೋಡಲು ಬರುವಿರಾ ಎಂದು ಕೇಳಲು ಮರೆಯಲಿಲ್ಲ.

"ಶುಕ್ರಾನ್," ಎಂದರು ಮೇಷ್ಟ್ರು. ಅದಕ್ಕೆ ಮೊದಲಿನ 'ಲಾ' ಸೇರಿಸಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಈ ಪ್ರಸಂಗದಲ್ಲಿ ಯುವಕನು ಒಮ್ಮೆ ದುಷ್ಟನಾಗಿದ್ದು ಇನ್ನೊಮ್ಮೆ ಸಜ್ಜನನಾದನೆಂದು ತಿಳಿಯಬೇಕಾಗಿಲ್ಲ. ಎರಡು ದಿನವೂ ಅವನು ಒಬ್ಬನೇ. ದಾರಿ ಮುಚ್ಚಿದೆಯೆಂದು ಹೇಳಿದ್ದು ಅವನ ಹೊಟ್ಟೆಪಾಡು. ತೋಳು ಹಿಡಿದು ಎಳೆದದ್ದು ಅವನ ಮನುಷ್ಯತ್ವ. ಒಂದೇ ಓಣಿಯಲ್ಲಿ ಎರಡೂ ವಾಸಿಸುತ್ತವೆ. ಪ್ರವಾಸಿ ನಿರಾಕರಿಸಬೇಕಾದದ್ದು ಅವನ ವ್ಯಾಪಾರವನ್ನು. ಎಲ್ಲರಿಗೂ ಫರ್ಗ್ಯೂಸನ್ ಎಂದು ಹೆಸರಿಟ್ಟಾಗ, ಅಥವಾ ಎಲ್ಲರೆದುರೂ ಕಿವುಡನಾದಾಗ, ವ್ಯಾಪಾರದ ಜೊತೆಗೆ ಮನುಷ್ಯನನ್ನೂ ನಿರಾಕರಿಸಿದಂತಾಗುತ್ತದೆ. ಮೋಸಕ್ಕೆ ಹೆದರಿ ಕಿವಿ ಮುಚ್ಚಿಕೊಂಡವನಿಗೆ ಎಚ್ಚರಿಕೆಯ ಕೂಗೂ ಕೇಳಿಸುವುದಿಲ್ಲ. ಕೆಲವು ನಾಣ್ಯಗಳು ಉಳಿದಾವು; ಆದರೆ ಅಷ್ಟು ದೂರ ಹೋದದ್ದು ಗೋಡೆಗಳನ್ನು ನೋಡುವುದಕ್ಕೆ ಮಾತ್ರವೇ?

ಹಾಗೆಂದು ಯಾರು ಕರೆದರೂ ಹಿಂದೆ ಹೋಗಬೇಕೆಂದೂ ಅಲ್ಲ. ಮೂರನೆಯ ದಿನ ದಂಪತಿಗಳು ವಸತಿಗೃಹದವರ ಮೂಲಕ ಪರವಾನಗಿ ಪಡೆದ ಮಾರ್ಗದರ್ಶಿಯೊಬ್ಬರನ್ನು ಗೊತ್ತುಮಾಡಿಕೊಂಡರು. ಎಷ್ಟು ಗಂಟೆ, ಎಷ್ಟು ದಿರ್ಹಮು, ಯಾವ ಯಾವ ಸ್ಥಳ ಎಂಬುದನ್ನು ಹೊರಡುವ ಮೊದಲೇ ನಿಶ್ಚಯಿಸಿಕೊಂಡರು. ಬಿಲ್ಲೆ ಧರಿಸಿದವರಿಗೂ ಅಂಗಡಿಗಳ ನಂಟು ಇರಬಹುದಾದ್ದರಿಂದ, ಕೊಳ್ಳುವ ವಿಚಾರವಿಲ್ಲವೆಂಬ ಮಾತನ್ನೂ ಮೊದಲೇ ಆಡಿದರು. ಶುವಾರಾ ಎಂಬಲ್ಲಿನ ಚರ್ಮದ ಹೊಂಡಗಳನ್ನು ಸುತ್ತಲಿನ ಅಂಗಡಿಗಳ ಮಹಡಿಯ ಮೇಲಿನಿಂದ ನೋಡುವುದು ಅಲ್ಲಿನ ವಾಡಿಕೆ. ವಾಸನೆಗೆ ಮದ್ದಾಗಿ ಪ್ರವಾಸಿಯ ಕೈಗೊಂದು ಪುದೀನ ಕಡ್ಡಿ ಕೊಡುತ್ತಾರೆ. ಸುಣ್ಣ ಮತ್ತು ಪಾರಿವಾಳದ ಹಿಕ್ಕೆ ಬೆರೆತ ಹೊಂಡಗಳಲ್ಲಿ, ಬಣ್ಣದ ತೊಟ್ಟಿಗಳಲ್ಲಿ, ತೊಡೆಯವರೆಗೆ ಇಳಿದು ತೊಗಲು ತುಳಿಯುವವರನ್ನು ಮೇಷ್ಟ್ರು ಬಹಳ ಹೊತ್ತು ನೋಡುತ್ತ ನಿಂತರು. ಅಂಗಡಿಯವನು ತೋರಿಸಿದ ಕೋಟು ಕೊಳ್ಳಲಿಲ್ಲ. ಮಹಡಿ ಹತ್ತಿದ್ದಕ್ಕೆ ಸಣ್ಣದೊಂದು ಇನಾಮು ಕೊಟ್ಟು ಇಳಿದರು. ಎರಡು ಕಡೆಯೂ ಮುಖ ಕೆಡಲಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬುದು ನಮ್ಮ ಗಾದೆ. ಪ್ರವಾಸಿಗಾಗಿ ಕಾದಿರುವವನ ನಂಬಿಕೆಯೂ ಅದೇ: ಇಂದಲ್ಲದಿದ್ದರೆ ನಾಳೆ ಇವನು ಇದೇ ಓಣಿಗೆ ಬಂದೇ ಬರುತ್ತಾನೆ. ಬರುವವನು ಸಿದ್ಧನಾಗಿ ಬರುವುದು ಒಳ್ಳೆಯದು. ದಾರಿಯನ್ನು ಮೊದಲೇ ಸ್ವಲ್ಪ ತಿಳಿದು, ಚಿಲ್ಲರೆಯನ್ನು ಕೈಗೆ ಸಿಗುವಲ್ಲಿಟ್ಟುಕೊಂಡು, 'ಬೇಡ' ಎಂಬ ಮಾತನ್ನು ಆ ನಾಡಿನ ಭಾಷೆಯಲ್ಲಿ ಕಲಿತಿರಬೇಕು. ಅದರ ಜೊತೆಗೆ 'ವಂದನೆ' ಎಂಬ ಮಾತನ್ನೂ ಕಲಿಯಬೇಕು. ಮೊದಲನೆಯದು ಹಣದ ಚೀಲವನ್ನು ಕಾಯುತ್ತದೆ, ಎರಡನೆಯದು ಹಣದ ಚೀಲಕ್ಕಿಂತ ಬೆಲೆಯುಳ್ಳದ್ದನ್ನು.