ಕರುಳಿನ ಕುಡಿ

ಕನ್ನಡಿಗನು ಮಮತೆಗೆ ಹೃದಯದಲ್ಲಿ ಕೊಟ್ಟುದಕ್ಕಿಂತ ಹೆಚ್ಚಿನ ಸ್ಥಳವನ್ನು ಕರುಳಿನಲ್ಲಿ ಕೊಟ್ಟಿದ್ದಾನೆ. ಮಗು ಅತ್ತರೆ ತಾಯಿಯ ಕರುಳು ಚುರುಕ್ಕೆನ್ನುತ್ತದೆ. ಮಗಳು ಗಂಡನ ಮನೆಗೆ ಹೊರಟರೆ ಕರುಳು ಕಿತ್ತು ಬಂದಂತಾಗುತ್ತದೆ. ಮಕ್ಕಳಂತೂ ಕರುಳಿನ ಕುಡಿಗಳೇ. ಮಾತಿನಲ್ಲಿ ಇಷ್ಟು ಗೌರವ ಪಡೆದ ಈ ಅಂಗವು ಅಜೀರ್ಣವಾದಾಗಲಲ್ಲದೆ ಯಾರ ನೆನಪಿಗೂ ಬರುವುದಿಲ್ಲ. ಆದರೆ ವಿಕಿರಣಕ್ಕೆ ಸಿಕ್ಕಿ ಬೆಂದು ಮರಳಿ ಚಿಗುರುವ ಕರುಳಿನ ಕಥೆಯನ್ನು ಕೇಳಿದವರಿಗೆ, ಹಿರಿಯರು ಮಮತೆಯನ್ನು ತಕ್ಕ ಜಾಗದಲ್ಲಿಯೇ ಇಟ್ಟರೆಂದು ಅನ್ನಿಸದಿರದು.

ಸಣ್ಣ ಕರುಳಿನ ಒಳಮೈ ಬರಿಗಣ್ಣಿಗೆ ಮಖಮಲ್ಲಿನಂತೆ ಕಾಣುತ್ತದೆ. ಸೂಕ್ಷ್ಮದರ್ಶಕದಡಿಯಲ್ಲಿ ಅದು ಭತ್ತದ ಗದ್ದೆ. ಪೈರಿನಂತೆ ಒತ್ತೊತ್ತಾಗಿ ನಿಂತ ಕಿರುಬೆರಳುಗಳು. ಅವುಗಳ ಬುಡದಲ್ಲಿ ಸಣ್ಣ ಸಣ್ಣ ಕುಳಿಗಳು. 1745ರಲ್ಲಿ ಇವುಗಳನ್ನು ವರ್ಣಿಸಿದ ಜರ್ಮನಿಯ ವೈದ್ಯ ಲೀಬರ್‌ಕೂನನ ಹೆಸರೇ ಈ ಕುಳಿಗಳಿಗೆ ಉಳಿದಿದೆ. ಕುಳಿಯೇ ಸಸಿಮಡಿ. ಅಲ್ಲಿ ಹುಟ್ಟಿದ ಜೀವಕೋಶವು ಮೆಲ್ಲಮೆಲ್ಲನೆ ಮೇಲೇರಿ, ಅನ್ನರಸವನ್ನು ಹೀರುವ ಕೆಲಸ ಮಾಡಿ, ಮೂರರಿಂದ ಐದು ದಿನಗಳಲ್ಲಿ ಬೆರಳಿನ ತುದಿಯಿಂದ ಉದುರಿಹೋಗುತ್ತದೆ. ಸೋಮವಾರದ ಊಟವನ್ನು ಅರಗಿಸಿದ ಒಳಪದರವು ಶನಿವಾರದ ಊಟದ ಹೊತ್ತಿಗೆ ಬಹುಮಟ್ಟಿಗೆ ಇರುವುದೇ ಇಲ್ಲ!

ಹೀಗೆ ಎಡೆಬಿಡದೆ ಹುಟ್ಟಿಸುವ ಶಕ್ತಿಯೇ ಕರುಳಿನ ದೌರ್ಬಲ್ಯವೂ ಹೌದು. ಒಡೆದು ಇಬ್ಬಾಗವಾಗುತ್ತಿರುವ ಕೋಶವನ್ನೇ ವಿಕಿರಣವು ಸುಲಭವಾಗಿ ಕೊಲ್ಲುತ್ತದೆ. ರಾಂಟ್‌ಗೆನ್ನನು 1895ರಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದ ಎರಡೇ ವರ್ಷಗಳಲ್ಲಿ, ಆ ಕಿರಣಗಳ ಬಳಿ ದುಡಿಯುವವರ ಹೊಟ್ಟೆ ಕೆಡುವುದನ್ನು ಇಂಗ್ಲೆಂಡಿನ ವೈದ್ಯ ಡೇವಿಡ್ ವಾಲ್ಷ್ ಗಮನಿಸಿದ್ದನು. ಮೈಯೆಲ್ಲಕ್ಕೂ ಹತ್ತು ಗ್ರೇ ಅಥವಾ ಅದಕ್ಕೆ ಮೀರಿದ ವಿಕಿರಣ ತಗಲಿದರೆ ಸಸಿಮಡಿಯೇ ಬರಿದಾಗುತ್ತದೆ. ಆದರೂ ಮೇಲಿನ ಪೈರು ಕೆಲವು ದಿನ ನಿಂತಿರುತ್ತದೆ. ರೋಗಿ ಚೇತರಿಸಿಕೊಂಡಂತೆಯೂ ತೋರಬಹುದು. ಅದು ಮೋಸದ ನೆಮ್ಮದಿ. ಹಳೆಯದು ಉದುರಿ ಹೊಸದು ಬಾರದೆ ಹೋದಾಗ ಕರುಳಿನ ಗೋಡೆ ಬೆತ್ತಲಾಗುತ್ತದೆ. ದೇಹದ ನೀರು ಹರಿದುಹೋಗುತ್ತದೆ. ರೋಗಾಣುಗಳು ರಕ್ತಕ್ಕೆ ನುಗ್ಗುತ್ತವೆ. ಸಾವು ಬರುವುದು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ.

ಹಾಗಾದರೆ ಬದುಕಿ ಉಳಿದ ಕರುಳನ್ನು ಮತ್ತೆ ಬಿತ್ತುವವರು ಯಾರು? 1974ರಲ್ಲಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಚೆಂಗ್ ಮತ್ತು ಲೆಬ್ಲಾಂಡ್, ಇಲಿಗಳ ಕರುಳಿನ ಕುಳಿಯ ತಳದಲ್ಲಿ ಅಡಗಿದ್ದ ತೆಳ್ಳನೆಯ ಕೋಶಗಳತ್ತ ಬೆರಳು ಮಾಡಿದರು. ಅವರು ಹಿಡಿದ ಜಾಡು ವಿಚಿತ್ರವಾದುದು. ವಿಕಿರಣಶೀಲ ಗುರುತಿನಿಂದ ಸತ್ತ ಕೋಶವನ್ನು ಪಕ್ಕದ ಕೋಶವು ನುಂಗಿತ್ತು. ನುಂಗಿದ ಗುರುತು ಅದರ ಸಂತತಿಯಲ್ಲೆಲ್ಲ ಕಾಣಿಸಿಕೊಂಡಿತು. 2007ರಲ್ಲಿ ಹಾಲೆಂಡಿನ ಉಟ್ರೆಕ್ಟ್‌ನಲ್ಲಿ ಬಾರ್ಕರ್, ಕ್ಲೆವರ್ಸ್ ಮತ್ತು ಸಂಗಡಿಗರು ‘ಎಲ್‌ಜಿಆರ್ 5’ ಎಂಬ ಗುರುತಿನಿಂದ ಇವೇ ಆಕರಕೋಶಗಳೆಂದು, ಎಂದರೆ ಸ್ಟೆಮ್ ಸೆಲ್‌ಗಳೆಂದು, ತೋರಿಸಿಕೊಟ್ಟರು. ಇಂತಹ ಒಂದೇ ಒಂದು ಕೋಶದಿಂದ ಪುಟ್ಟ ಕರುಳೊಂದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ವರದಿ 2009ರಲ್ಲಿ ಬಂದಿತು.

ಆದರೆ ಒಗಟು ಅಲ್ಲಿಗೇ ಮುಗಿಯಲಿಲ್ಲ. ಪ್ರಬಲ ವಿಕಿರಣಕ್ಕೆ ಈ ಆಕರಕೋಶಗಳಲ್ಲಿಯೇ ಬಹುಪಾಲು ಸಾಯುತ್ತವೆ. ಬಿತ್ತುವವನೇ ಸತ್ತ ಮೇಲೆ ಬಿತ್ತನೆ ಹೇಗೆ? ಮನೆಯ ಯಜಮಾನನು ತೀರಿಕೊಂಡಾಗ, ಬೇರೆ ಉದ್ಯೋಗ ಹಿಡಿದು ಹೊರಟಿದ್ದ ತಮ್ಮನು ಅರ್ಧ ದಾರಿಯಿಂದ ಹಿಂದಿರುಗಿ ನೇಗಿಲು ಹಿಡಿಯುವುದುಂಟಷ್ಟೆ? ಕರುಳಿನಲ್ಲಿಯೂ ಹಾಗೆಯೇ. ಬೇರೆ ಕೆಲಸಕ್ಕೆಂದು ಸಿದ್ಧವಾಗುತ್ತಿದ್ದ ಎಳೆಯ ಕೋಶಗಳು ಆಪತ್ತಿನಲ್ಲಿ ಹಿಂದಕ್ಕೆ ತಿರುಗಿ ಆಕರಕೋಶಗಳಾಗಬಲ್ಲವೆಂದು 2012ರಲ್ಲಿ ಇಲಿಗಳಲ್ಲಿ ಕಂಡುಬಂದಿತು. ಗಾಯವಾದಾಗ ಎಚ್ಚೆತ್ತು ಆಕರಕೋಶಗಳ ಪೀಳಿಗೆಯನ್ನೇ ಮತ್ತೆ ಹುಟ್ಟಿಸುವ ಅಪರೂಪದ ಕೋಶಗಳನ್ನು ಕೆನಡದ ಟೊರಾಂಟೊ ನಗರದ ವಿಜ್ಞಾನಿಗಳು 2019ರಲ್ಲಿ ವರ್ಣಿಸಿದರು.

ಇದು ಪ್ರಯೋಗಶಾಲೆಯ ಕುತೂಹಲವಷ್ಟೇ ಅಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುವ ಹೆಂಗಸಿನ ಕರುಳಿನ ಸುರುಳಿಗಳೂ ಕಿರಣದ ದಾರಿಯಲ್ಲಿಯೇ ಬೀಳುತ್ತವೆ. ಎರಡು ಮೂರು ವಾರ ಕಳೆಯುವುದರೊಳಗೆ ಭೇದಿ, ಹೊಟ್ಟೆನುಲಿತ, ಅನ್ನದ ಮೇಲೆ ಜಿಗುಪ್ಸೆ. ‘ಇನ್ನು ಸಾಕು’ ಎಂದು ಅವಳಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಚಿಕಿತ್ಸೆಯನ್ನು ನಡುವೆ ಬಿಟ್ಟರೆ ರೋಗ ಗೆಲ್ಲುತ್ತದೆ. ವೈದ್ಯರು ಕಿರಣವನ್ನು ಒಮ್ಮೆಗೇ ಸುರಿಯದೆ ವಾರಕ್ಕೆ ಐದು ದಿನದಂತೆ ಹಲವು ವಾರ ಹಂಚಿ ಕೊಡುವುದರ ಒಂದು ಮರ್ಮ ಇಲ್ಲಿದೆ: ಒಂದು ಪೆಟ್ಟಿಗೂ ಮತ್ತೊಂದಕ್ಕೂ ನಡುವೆ ಸಹಜ ಕೋಶಗಳಿಗೆ ಗಾಯ ಮಾಯಿಸಿಕೊಳ್ಳಲು ಬಿಡುವು. ಕಿರಣ ನಿಂತ ಕೆಲವು ವಾರಗಳಲ್ಲಿ ಬಹುಮಂದಿಯ ಹೊಟ್ಟೆ ಸಮಸ್ಥಿತಿಗೆ ಬರುತ್ತದೆ.

ಹಾಗೆಂದು ಈ ಶಕ್ತಿಗೆ ಮಿತಿಯಿಲ್ಲವೆಂದು ತಿಳಿಯಬಾರದು. ಕೆಲವರಲ್ಲಿ ತಿಂಗಳುಗಳು, ವರ್ಷಗಳು ಕಳೆದ ಮೇಲೆ ಕರುಳು ಗಡುಸಾಗಿ ಕಿರಿದಾಗುವುದುಂಟು. ಆಕರಕೋಶಗಳನ್ನು ಬಲಪಡಿಸುವ ಔಷಧವನ್ನು ಅರಸುವವರ ಮುಂದೆ ಇನ್ನೊಂದು ಭಯವೂ ಇದೆ. ದಾರಿ ತಪ್ಪಿದ ಇದೇ ಆಕರಕೋಶವು ಕರುಳಿನ ಗಂತಿಗೆ ಮೂಲವಾಗಬಲ್ಲುದೆಂದು 2009ರಲ್ಲಿ ಇಲಿಗಳಲ್ಲಿ ಸಿದ್ಧವಾಯಿತು. ಗೊಬ್ಬರ ಹಾಕಿದರೆ ಪೈರಿನ ಜೊತೆಗೆ ಕಳೆಯೂ ಕೊಬ್ಬೀತು!

ಬಾಳೆಯ ಗೊನೆಯನ್ನು ಕೊಯ್ದು ತಾಯಿಗಿಡವನ್ನು ಕಡಿದ ರೈತನು ಬುಡದ ಕಂದನ್ನು ಮುಟ್ಟುವುದಿಲ್ಲ. ಕೊಲ್ಲುವ ಕಿರಣವನ್ನು ಕೈಯಲ್ಲಿ ಹಿಡಿದ ವೈದ್ಯನೂ ಅದೇ ಎಚ್ಚರದಿಂದ ನಡೆಯಬೇಕಾಗಿದೆ. ರೋಗವನ್ನು ಸುಡಬೇಕು, ಕುಳಿಯ ತಳದಲ್ಲಿ ಒಂದೆರಡು ಕುಡಿಗಳನ್ನಾದರೂ ಉಳಿಸಬೇಕು. ಉಳಿದ ಕೆಲಸವನ್ನು ಕರುಳು ತಾನೇ ನೋಡಿಕೊಳ್ಳುತ್ತದೆ.